ಕೋಟೆ ಹಿಂದಿನ ಬೀದಿಯ ಕುರಿಮರಿ

ಶಿರಾದಲ್ಲಿ ನಾನು ಬಾಡಿಗೆಗಿದ್ದದ್ದು ಕೋಟೆಯ ಹಿಂದಿನ ಒಂದು ಕಿರುಬೀದಿಯಲ್ಲಿ. ನನಗೆ ಕೆಲಸ ಸಿಕ್ಕಿದ್ದು ಹುಲಿಕುಂಟೆ ಕಡೆಯ ಒಂದು ಪ್ರೈಮರಿ ಶಾಲೆಯಲ್ಲಿ. ಕೊರಟಗೆರೆಯ ನಮ್ಮ ಮನೆಯಿಂದ ದಿನಾ ಓಡಾಡುವುದು ಆಗದ ಮಾತಾಗಿತ್ತು. ಹಾಗಾಗಿ ಒಬ್ಬ ಅಜ್ಜಿಯ ಮನೆಯ ಮುಂದಿನ ಕೋಣೆ ಹಿಡಿದೆ. ಅಜ್ಜಿ ಹಪ್ಪಳ ಸಂಡಿಗೆ ಮಾಡಿ ಮಾರುತ್ತಿದ್ದರು. ಮನೆಯಲ್ಲಿ ಯಾವಾಗಲೂ ಇಂಗು, ಜೀರಿಗೆಯ ವಾಸನೆ.

ಆ ಬೀದಿಯಲ್ಲಿ ನನಗೆ ಮೊದಲು ವಿಚಿತ್ರವೆನಿಸಿದ್ದು ಅಜ್ಜಿಯೂ ಎದುರಿನ ಟೈಲರ್ ಸಾಬರೂ ಮಾತಾಡುತ್ತಿದ್ದ ರೀತಿ. ಅಜ್ಜಿ ನಮ್ಮ ಜಗಲಿಯ ಮೇಲೆ, ಸಾಬರು ತಮ್ಮ ಅಂಗಡಿಯಲ್ಲಿ ಹೊಲಿಗೆ ಮಿಷನ್ನಿನ ಮುಂದೆ. ನಡುವೆ ರಸ್ತೆ. ಇಬ್ಬರೂ ಕುಳಿತಲ್ಲಿಂದಲೇ ಕೂಗಿ ಮಾತಾಡುವರು.

“ಸಾಬ್ರೇ, ಪಾವಗಡದಿಂದ ನಿಮ್ಮ ಮಗಳು...” ಎಂದು ಅಜ್ಜಿ ಶುರುಮಾಡುವಷ್ಟರಲ್ಲಿ ಇಟ್ಟಿಗೆ ತುಂಬಿದ ಟ್ರ್ಯಾಕ್ಟರ್ ಬರುವುದು. ಅಜ್ಜಿ ಬಾಯಿ ಮುಚ್ಚಿಕೊಂಡು ಕಾಯುವರು. ಟ್ರ್ಯಾಕ್ಟರ್ ದಾಟಿದ ಮೇಲೆ, “...ಬಂದ್ಲಾ?” ಎಂದು ಅದೇ ಉಸಿರಿನಲ್ಲಿ ಮುಗಿಸುವರು.

“ಬಂದ್ಲು ಅವ್ವ, ಖುಷಿಯಾಗವ್ಳೆ,” ಎಂದು ಅತ್ತಲಿಂದ ಉತ್ತರ ಬರುವುದು. ಹೀಗೆ ಎಷ್ಟೋ ವರ್ಷಗಳಿಂದ ನಡೆದಿತ್ತು. ಆದರೆ ಅಜ್ಜಿ ಆ ರಸ್ತೆ ದಾಟಿ ಅಂಗಡಿಗೆ ಹೋದದ್ದಿಲ್ಲ, ಸಾಬರು ನಮ್ಮ ಜಗಲಿ ಹತ್ತಿದ್ದಿಲ್ಲ. ರವಿಕೆ ಬಟ್ಟೆ ಕೊಡಬೇಕಾದರೆ ಅಜ್ಜಿ ನನ್ನ ಕೈಯಲ್ಲಿ ಕಳಿಸುವರು. ಇದರ ಹಿಂದೆ ಜಗಳವೇನೂ ಇರಲಿಲ್ಲ. ಅಜ್ಜಿಯದು ಮಡಿ ಮೈಲಿಗೆ ನೋಡುವ ಮನೆತನ, ಸಾಬರಿಗೆ ಅದು ಗೊತ್ತಿತ್ತು, ಅಷ್ಟೆ.

ಬೀದಿಯಲ್ಲಿ ನೋಡಲು ಬೇರೆ ಎಷ್ಟೋ ಇದ್ದವು. ಮೂರನೇ ಮನೆಯ ಅಕ್ಕ ಬೆಳಗಾಗುವ ಮುಂಚೆಯೇ ಬಾಗಿಲ ಮುಂದೆ ಒಲೆ ಹೂಡಿ ಇಡ್ಲಿ ಇಡುತ್ತಿದ್ದಳು. ಆ ಹಬೆಯಲ್ಲಿ ಅವಳ ಮುಖ ಕಾಣುತ್ತಿರಲಿಲ್ಲ, ಬೈಗುಳ ಮಾತ್ರ ಕೇಳುತ್ತಿತ್ತು. ಕೂದಲಿಗೆ ಪಾತ್ರೆ ಕೊಡುವವನು ಸೈಕಲ್ಲಿನ ತುಂಬ ಸ್ಟೀಲ್ ಡಬ್ಬಿ ಕಟ್ಟಿಕೊಂಡು ಬರುವನು. ಬಾಚಿ ಉದುರಿದ ಕೂದಲನ್ನು ಉಂಡೆ ಮಾಡಿ ಗೋಡೆಯ ಸಂದಿಯಲ್ಲಿ ಸಿಕ್ಕಿಸಿಟ್ಟಿದ್ದ ಹೆಂಗಸರು ಓಡಿಬಂದು, ಒಂದು ಸಣ್ಣ ಲೋಟಕ್ಕಾಗಿ ಅರ್ಧ ಗಂಟೆ ಚೌಕಾಸಿ ಮಾಡುವರು. ಇನ್ನು ಸಂಕ್ರಾಂತಿ ಕಳೆದು ಹೊಲಗಳೆಲ್ಲ ಖಾಲಿಯಾದ ಮೇಲೆ ಕುರಿ ಮಂದೆಗಳು ನಮ್ಮ ಬೀದಿಯಲ್ಲೇ ಹಾದುಹೋಗುತ್ತಿದ್ದವು. ನೀರು ಹಸಿರು ಇರುವ ಸೀಮೆಗೆ ಹೋಗಿ, ಮಳೆ ಬಿದ್ದ ಮೇಲೆ ಅದೇ ದಾರಿಯಲ್ಲಿ ಹಿಂದಿರುಗುವ ಮಂದೆಗಳು. ಅವು ಹಾಯುವಷ್ಟು ಹೊತ್ತು ಆಟೋಗಳು ಸುಮ್ಮನೆ ನಿಲ್ಲಬೇಕು, ಇಡ್ಲಿ ಅಕ್ಕ ಚಟ್ನಿಯ ಸೊಪ್ಪಿನ ಬುಟ್ಟಿಯನ್ನು ತಲೆಯ ಮೇಲೆ ಎತ್ತಿ ಹಿಡಿದಿರಬೇಕು.

ಕೆಲವು ವರ್ಷಗಳ ಹಿಂದೆ ಹಾಗೊಂದು ಮಂದೆ ಬಂತು. ನಾನು ಬಸ್ಸಿಗೆ ಹೊರಟು ಜಗಲಿಯ ಮೇಲೆ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಮುಂದೆ ಒಬ್ಬ ಗಂಡಸು ಕಂಬಳಿ ಹೆಗಲಿಗೇರಿಸಿ ಸಿಳ್ಳೆ ಹಾಕುತ್ತ ಹೋದ. ಕೊನೆಯಲ್ಲಿ ಅವನ ಹೆಂಡತಿ ಒಂದು ಕತ್ತೆಯನ್ನು ಹೊಡೆದುಕೊಂಡು ಬರುತ್ತಿದ್ದಳು. ಕತ್ತೆಯ ಮೇಲೆ ಪಾತ್ರೆ, ರಾತ್ರಿ ಮಂದೆಯ ಸುತ್ತ ಕಟ್ಟುವ ಬಲೆ, ಎರಡು ಪಕ್ಕದ ಚೀಲಗಳಿಂದ ತಲೆ ಹೊರಗೆ ಹಾಕಿದ ಎಳೆ ಮರಿಗಳು. ಮಂದೆ ಬಹುಮಟ್ಟಿಗೆ ದಾಟಿತ್ತು. ಆಗ ತಿರುವಿನಿಂದ ಒಂದು ಬೈಕು ರಭಸವಾಗಿ ಬಂದು ಹಿಂದೆ ಉಳಿದಿದ್ದ ಒಂದು ಮರಿಗೆ ಬಡಿಯಿತು.

ಬೈಕಿನವನು ಕಾಲು ಊರಿ ಒಂದು ಗಳಿಗೆ ನೋಡಿ, “ರಸ್ತೇಲಿ ಬಿಟ್ಕೊಂಡ್ ಬಂದ್ರೆ ಇನ್ನೇನಾಗ್ತದೆ?” ಎಂದವನೇ ಹೊರಟುಹೋದ. ಮರಿ ಎದ್ದು ನಿಲ್ಲಲು ನೋಡಿ ಮತ್ತೆ ಬಿತ್ತು. ಮುಂಗಾಲೊಂದು ಮೊಣಕಾಲಿನ ಕೆಳಗೆ ಜೋತಾಡುತ್ತಿತ್ತು. ಕತ್ತೆಯ ಹಿಂದಿದ್ದ ಹೆಣ್ಣುಮಗಳು ಅದನ್ನು ಎತ್ತಿ ಎದೆಗವಚಿಕೊಂಡು ರಸ್ತೆಯ ನಡುವೆಯೇ ಕುಳಿತುಬಿಟ್ಟಳು.

ಸಾಬರು ಕೊರಳಲ್ಲಿ ಟೇಪು ನೇತಾಡುತ್ತಿದ್ದಂತೆಯೇ ಓಡಿಬಂದರು. “ಅರೆ, ಬೇಚಾರಾ! ಅಳಬ್ಯಾಡ ತಾಯಿ, ಮೂಳೆ ಎಳೇದು, ಕೂಡ್ಕೊಳ್ತದೆ,” ಎನ್ನುತ್ತ ಮರಿಯನ್ನು ಅಂಗಡಿಯ ಮೆಟ್ಟಿಲ ಮೇಲೆ ಮಲಗಿಸಿದರು. ಬಟ್ಟೆಗೆ ಗೆರೆ ಹಾಕುವ ತಮ್ಮ ಮರದ ಸ್ಕೇಲನ್ನು ಮಂಡಿಗೊತ್ತಿ ಎರಡು ತುಂಡು ಮಾಡಿದರು. ಕಾಲಿನ ಎರಡು ಕಡೆ ಅವನ್ನಿಟ್ಟು, ಯಾವುದೋ ರವಿಕೆಯಲ್ಲಿ ಮಿಕ್ಕ ಕೆಂಪು ಬಟ್ಟೆಯ ಪಟ್ಟಿಯಿಂದ ಸುತ್ತಿ ಸುತ್ತಿ ಕಟ್ಟಿದರು. ನಾನು ಮರಿಯ ತಲೆ ಹಿಡಿದುಕೊಂಡಿದ್ದೆ. ಅದರ ಒಂದು ಕಿವಿ ಪೂರ್ತಿ ಕಪ್ಪು, ಮಿಕ್ಕ ಮೈಯೆಲ್ಲ ಬಿಳಿ. ಎದೆ ಡವಡವ ಹೊಡೆದುಕೊಳ್ಳುವುದು ನನ್ನ ಅಂಗೈಗೆ ತಾಗುತ್ತಿತ್ತು.

ಮಂದೆ ಆಗಲೇ ದೂರ ಹೋಗಿತ್ತು. ಗಂಡನ ಸಿಳ್ಳೆ ಎಲ್ಲೋ ಮುಂದೆ ಕೇಳುತ್ತಿತ್ತು. ಆ ಹೆಣ್ಣುಮಗಳು ಅತ್ತ ನೋಡಿದಳು, ಮರಿಯನ್ನು ನೋಡಿದಳು, ಆಮೇಲೆ ನಮ್ಮ ಜಗಲಿಯ ಮೇಲಿದ್ದ ಅಜ್ಜಿಯನ್ನು ನೋಡಿದಳು.

“ಅವ್ವಾ, ಕತ್ತೆ ಮ್ಯಾಲೆ ಹಾಕ್ಕಂಡೋದ್ರೆ ಕುಲುಕಾಟಕ್ಕೆ ಈ ಕಾಲು ಕೂಡಾಕಿಲ್ಲ. ಇದ್ನ ಒಸಿ ದಿನ ಇಟ್ಕಂತೀರಾ? ಮಳೆ ಬಿದ್ಮ್ಯಾಲೆ ಇಂಗೇ ಬತ್ತೀವಿ.”

“ಏ, ನಮ್ಮನೇಲಿ ಕುರಿ ಕೋಳಿ ಯಾವತ್ತೂ ಕಟ್ಟಿಲ್ಲ ಕಣಮ್ಮ,” ಎಂದರು ಅಜ್ಜಿ.

“ಒಳಿಕ್ಕೆ ಬ್ಯಾಡವ್ವ, ಜಗಲಿ ಮ್ಯಾಲೆ ಸಾಕು. ಬದುಕುದ್ರೆ ಕೊಡಿ. ಇಲ್ದಿದ್ರೆ ನಿಮ್ಮನ್ನ ಏನೂ ಅನ್ನಾಕಿಲ್ಲ.”

ಸಾಬರು ತಾವೇ ಇಟ್ಟುಕೊಳ್ಳುತ್ತೇನೆಂದರು. ಆದರೆ ರಾತ್ರಿ ಅಂಗಡಿ ಮುಚ್ಚಿ ಊರಾಚೆಯ ಮನೆಗೆ ಹೋಗುತ್ತಾರೆ, ಮರಿಯೊಂದನ್ನೇ ಶೆಟರ್ ಒಳಗೆ ಬಿಡುವಂತಿಲ್ಲ. ಅಜ್ಜಿ ಮುಖ ಗಂಟಿಕ್ಕಿಕೊಂಡರು. “ರಾತ್ರಿ ಮಾತ್ರ ಇಲ್ಲಿರ್ಲಿ. ಬೆಳಗಾದ್ರೆ ಆ ಕಡೆ,” ಎಂದು ಕೊನೆಗೆ ಅಂದರು. ಆ ಹೆಣ್ಣುಮಗಳು ಅಲ್ಲಿಂದಲೇ ಕೈ ಮುಗಿದು ಓಡಿದಳು. ಆ ದಿನ ನನಗೆ ಬಸ್ಸು ತಪ್ಪಿತು.

ಮರಿ ಹುಲ್ಲು ಕಡಿಯಲು ಕಲಿತಿತ್ತು, ಆದರೂ ಹಾಲು ಬೇಕಿತ್ತು. ಮೆಡಿಕಲ್ ಸ್ಟೋರಿನಿಂದ ಕೂಸಿನ ಹಾಲಿನ ಬಾಟಲಿ ತಂದೆ. ಹಾಲು ಬೆಚ್ಚಗೆ ಮಾಡುವ ಕೆಲಸವನ್ನು ಅಜ್ಜಿ ಗೊಣಗುತ್ತಲೇ ಮೈಮೇಲೆ ಹಾಕಿಕೊಂಡರು. ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ನಾನು ಮರಿಯನ್ನು ಎತ್ತಿಕೊಂಡು ರಸ್ತೆ ದಾಟಿ ಸಾಬರಿಗೆ ಒಪ್ಪಿಸುವುದು, ಸಂಜೆ ಬಂದು ಮತ್ತೆ ಎತ್ತಿಕೊಂಡು ಬರುವುದು. ಕಾಲಿಗೆ ಕೆಂಪು ಪಟ್ಟಿ ಕಟ್ಟಿಕೊಂಡು ಹೊಲಿಗೆ ಮಿಷನ್ನಿನ ಪಕ್ಕ ಮಲಗಿದ ಕುರಿಮರಿಯನ್ನು ನೋಡಲೆಂದೇ ಬೇರೆ ಬೀದಿಯ ಹೆಂಗಸರು ಬಂದು, ಬಂದದ್ದಕ್ಕೆ ಒಂದು ಫಾಲ್ಸ್ ಹೊಲಿಯಲು ಕೊಟ್ಟುಹೋಗುತ್ತಿದ್ದರು.

ಪಟ್ಟಿ ಬಿಚ್ಚಿದಾಗ ಕಾಲು ಕೂಡಿತ್ತು. ಕೊಂಚ ಕುಂಟು ಉಳಿಯಿತು. ಆದರೆ ಆ ಕುಂಟು ಅದರ ಓಟವನ್ನೇನೂ ತಡೆಯಲಿಲ್ಲ. ಆಮೇಲೆ ಅದನ್ನು ಎತ್ತಿಕೊಂಡು ಹೋಗುವ ಅಗತ್ಯವೇ ಬೀಳಲಿಲ್ಲ. ಬೆಳಕಾದೊಡನೆ ತಾನೇ ಎದ್ದು ಮೊದಲು ಇಡ್ಲಿ ಅಕ್ಕನ ಬಳಿ ಹೋಗುವುದು. ಜನ ತಿಂದು ಎಸೆದ ಬಾಳೆ ಎಲೆ ಮೆಲ್ಲುವುದು. ಅಕ್ಕ ಸೌಟು ತೋರಿಸಿ, “ಥೂ, ಹೋಗಲೇ ನನ್ ಸವ್ತಿ ಮಗ್ನೇ,” ಎಂದು ಬೈದು, ಬೈದ ಬಾಯಲ್ಲೇ ಮುರಿದ ಇಡ್ಲಿ ಎಸೆಯುವಳು. ಅಲ್ಲಿಂದ ಸಾಬರ ಅಂಗಡಿ. ಅಂಗಡಿಯ ನಿಲುವುಗನ್ನಡಿಯಲ್ಲಿ ತನ್ನನ್ನು ತಾನು ನೋಡಿ, ಎದುರಿಗೆ ಇನ್ನೊಂದು ಕುರಿ ಇದೆಯೆಂದು ಬಗೆದು ಗಂಟೆಗಟ್ಟಲೆ ನಿಂತಿರುತ್ತಿತ್ತು.

ಯುಗಾದಿಯ ದಿನ ಅದು ಮಾಡಿದ ಕೆಲಸ ಬೀದಿಯಲ್ಲಿ ಯಾರೂ ಮರೆತಿರಲಾರರು. ಎಲ್ಲರೂ ಮಾವಿನ ತೋರಣ ಕಟ್ಟಿ ಎಣ್ಣೆನೀರು ಹಾಕಿಕೊಳ್ಳಲು ಒಳಗೆ ಹೋಗಿದ್ದೆವು. ಹೊರಗೆ ಬರುವಷ್ಟರಲ್ಲಿ ಜಗಲಿ ಇದ್ದ ಮನೆಗಳಲ್ಲಿ ಒಂದರಲ್ಲೂ ತೋರಣವಿಲ್ಲ. ಬೀದಿಯ ಕೊನೆಯ ಮನೆಯ ಜಗಲಿಯ ಮೇಲೆ ಮರಿ ಹಿಂಗಾಲಲ್ಲಿ ನಿಂತು, ದಾರದ ಸಮೇತ ಎಳೆದು ತಿನ್ನುತ್ತಿತ್ತು. ಆ ಮನೆಯವರು ಕೋಲು ಹಿಡಿದು ಅಜ್ಜಿಯ ಬಳಿ ಜಗಳಕ್ಕೆ ಬಂದರು.

ಅಜ್ಜಿ ಒಬ್ಬಟ್ಟಿನ ಹಿಟ್ಟು ಮೆತ್ತಿದ ಕೈಯಲ್ಲೇ ಹೊರಗೆ ಬಂದು, “ಎಲೆ ತಿನ್ದೆ ಅದು ಇನ್ನೇನ್ ಒಬ್ಬಟ್ಟು ತಿಂತದಾ? ಹಬ್ಬದ ದಿನ ಮೂಕಪ್ರಾಣೀನ ಹೊಡೀತೀರಾ?” ಎಂದು ಜೋರು ಮಾಡಿದರು. ಹಿಂದಿನ ದಿನವಷ್ಟೇ ಹಸಿ ಸಂಡಿಗೆ ತಿಂದಿತೆಂದು ಅದರ ಮೇಲೆ ಚೆಂಬು ಎಸೆದವರು ಇದೇ ಅಜ್ಜಿ.

ಬೇಸಿಗೆ ರಜೆಯಲ್ಲಿ ನಾನು ಕೊರಟಗೆರೆಗೆ ಹೋಗಿದ್ದೆ. ಒಂದು ದಿನ ಸಾಬರ ನಂಬರಿನಿಂದ ಫೋನು ಬಂತು. ಎತ್ತಿದರೆ ಅಜ್ಜಿಯ ದನಿ. ಸಾಬರು ಫೋನನ್ನು ತಂದು ಜಗಲಿಯ ಕಟ್ಟೆಯ ಮೇಲಿಟ್ಟು ದೂರ ನಿಂತಿದ್ದರಂತೆ. “ಮೇಡಮ್ಮಾ, ಇದುಕ್ಕೆ ಕೊಂಬು ಮೊಳೀತಾ ಐತೆ ಕಣೆ,” ಎಂದರು. ಅಷ್ಟೇ ಸಮಾಚಾರ. ನನಗೆ ಆ ಇಡೀ ದಿನ ಶಿರಾದ ಬೀದಿಯೇ ಕಣ್ಣಮುಂದೆ ಇತ್ತು.

ಶಾಲೆ ಶುರುವಾಗಿ ನಾನು ವಾಪಸು ಬಂದಾಗ ಮರಿ ಬೆಳೆದು ಟಗರಾಗುವ ಹಂತದಲ್ಲಿತ್ತು. ಬಕ್ರೀದ್ ಹತ್ತಿರ ಬರುತ್ತಿತ್ತು. ಒಂದು ಬೆಳಿಗ್ಗೆ ನಾನು ಇಡ್ಲಿ ಅಕ್ಕನ ಬಳಿ ಡಬ್ಬಿ ಹಿಡಿದು ನಿಂತಿದ್ದೆ. ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಒಬ್ಬ ಅಲ್ಲಿ ಕುಳಿತು ತಿನ್ನುತ್ತಿದ್ದ. ಸಾಬರು ಶೆಟರ್ ಎತ್ತುತ್ತಿದ್ದಂತೆ ಟಗರು ಅವರತ್ತ ಓಡಿದ್ದನ್ನು ನೋಡಿ ಅವನು ಗಟ್ಟಿಯಾಗಿ ಕೂಗಿದ: “ಏನ್ ಸಾಬ್ರೇ, ಹಬ್ಬಕ್ಕೆ ಅಂತ ಚೆನ್ನಾಗೇ ಮೇಯಿಸಿದೀರಾ!” ಕುಳಿತಿದ್ದ ಒಬ್ಬಿಬ್ಬರು ನಕ್ಕರು.

ಸಾಬರು ಟಗರಿನ ತಲೆ ಸವರಲು ಚಾಚಿದ್ದ ಕೈ ಹಿಂದೆ ತೆಗೆದುಕೊಂಡರು. ಎತ್ತಿದ ಶೆಟರನ್ನು ಮತ್ತೆ ಇಳಿಸಿ, ಬೀಗ ಹಾಕಿ ಹೊರಟುಹೋದರು.

ಇಡ್ಲಿ ಅಕ್ಕ ಅವನ ಮುಂದಿನ ತಟ್ಟೆಯನ್ನು ತೆಗೆದುಬಿಟ್ಟಳು. “ಇಡ್ಲಿ ತಿನ್ನಾಕ್ ಬಂದೋನು ಇಡ್ಲಿ ತಿನ್ನಪ್ಪ. ಅದರ ಕಾಲು ಮುರ್ದು ಬಿದ್ದಾಗ ನೀನೆಲ್ಲಿದ್ದೆ?” ಎಂದಳು. ಅವನು, ತಮಾಷೆಗೆ ಅಂದೆ ಅಕ್ಕ, ಎಂದು ತೊದಲಿದ.

ಮರುದಿನ ಅಂಗಡಿ ತೆರೆಯಿತು, ಅರ್ಧ ಶೆಟರ್ ಮಾತ್ರ. ಟಗರು ಹೋಗಿ ಅದರ ಮುಂದೆ ನಿಂತು ಅರಚಿತು. ಸಾಬರು ಹೊರಗೆ ಬರಲಿಲ್ಲ. ನಾನು ಬಗ್ಗಿ ಒಳಗೆ ನೋಡಿದೆ. ಮಿಷನ್ನಿನ ಮುಂದೆ ಸುಮ್ಮನೆ ಕುಳಿತಿದ್ದರು.

“ಬೇಡ ಮೇಡಂ,” ಎಂದರು. “ಇನ್ಮೇಲೆ ಅದು ಅವ್ವನ ಹತ್ರಾನೇ ಇರ್ಲಿ. ನಾಳೆ ಅದು ಎಲ್ಲೋ ತಪ್ಪಿಸ್ಕೊಂಡ್ರೂ ನನ್ನ ಹೆಸರೇ ಬತ್ತದೆ. ನಂಗೆ ವಯಸ್ಸಾಯ್ತು. ಇಂಥ ಮಾತು ತಡ್ಕೊಳ್ಳಾಕಾಗಲ್ಲ.”

ನಾನು ಟಗರಿನ ಕೊರಳಿಗೆ ಹಗ್ಗ ಹಾಕಿ ನಮ್ಮ ಜಗಲಿಗೆ ಕಟ್ಟಿ ಶಾಲೆಗೆ ಹೋದೆ. ಸಂಜೆ ಅಜ್ಜಿಗೆ ಎಲ್ಲ ಹೇಳಿದೆ. ಅವರು ಹಪ್ಪಳ ಲಟ್ಟಿಸುತ್ತಲೇ ಕೇಳಿಸಿಕೊಂಡರು. ಆ ದಿನ ಬೀದಿಯಲ್ಲಿ ಈ ಬದಿಯಿಂದ ಆ ಬದಿಗೆ ಮಾತೇ ಹೋಗಲಿಲ್ಲ. ಗಾಡಿಗಳು ಓಡಾಡುವ ಸದ್ದಷ್ಟೇ.

ಅದರ ಮರುದಿನ ಭಾನುವಾರ. ಅಜ್ಜಿ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಗೆ ಬಂದರು. ದೇವಸ್ಥಾನಕ್ಕೆ ಹೊರಟರೇನೋ ಎಂದುಕೊಂಡೆ. ಟಗರಿನ ಕೊರಳ ಹಗ್ಗ ಹಿಡಿದು ಜಗಲಿ ಇಳಿದರು. ಒಂದು ಆಟೋ ಬರುತ್ತಿತ್ತು, ಕೈ ಅಡ್ಡ ಹಿಡಿದು ನಿಲ್ಲಿಸಿದರು. ನೆಟ್ಟಗೆ ರಸ್ತೆ ದಾಟಿ, ಅರ್ಧ ಇಳಿದಿದ್ದ ಶೆಟರಿನ ಕೆಳಗೆ ಬೆನ್ನು ಬಗ್ಗಿಸಿ ಅಂಗಡಿಯೊಳಗೆ ಹೋದರು. ಇಡ್ಲಿ ಅಕ್ಕ ಹಬೆಯಾಚೆಯಿಂದ ಎದ್ದು ನಿಂತಳು. ನಾನು ಓಡಿದೆ.

ಸಾಬರು ಗಾಬರಿಯಿಂದ ಎದ್ದು, ಗಿರಾಕಿಗಳ ಸ್ಟೂಲಿನ ಮೇಲಿದ್ದ ಬಟ್ಟೆಯನ್ನೆಲ್ಲ ಬಾಚಿ ತೆಗೆದರು. ಅಜ್ಜಿ ಕುಳಿತರು.

“ಸಾಬ್ರೇ, ಇದ್ರ ಕಾಲು ಕಟ್ಟಿದ್ದು ಯಾರು?”

“ನಾನೇ ಅವ್ವ.”

“ಮತ್ತೆ? ಕಟ್ಟಿದೋರ ಕೈಗೇ ತಂದ್ ಕೊಡ್ತಾ ಇವ್ನಿ. ಯಾರಾನ ಕೇಳುದ್ರೆ, ಅಜ್ಜೀನೇ ಬಂದು ಕೊಟ್ಟೋದ್ಲು ಅನ್ನಿ. ನಂಬ್ದಿದ್ರೆ ನನ್ನತ್ರ ಕಳ್ಸಿ.”

ಸಾಬರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಒರೆಸುತ್ತಲೇ ಇದ್ದರು. ಆಮೇಲೆ, “ಅವ್ವ, ಟೀ ತರಿಸ್ಲಾ?” ಎಂದು ಬಲು ಸಣ್ಣ ದನಿಯಲ್ಲಿ ಕೇಳಿದರು. ಕೇಳಿದ ಮೇಲೆ, ಕೇಳಬಾರದಿತ್ತೇನೋ ಎನ್ನುವಂತೆ ನನ್ನ ಮುಖ ನೋಡಿದರು.

ಅಜ್ಜಿ ತಲೆ ತಗ್ಗಿಸಿ ಟಗರಿನ ಕೊಂಬಿನ ಬುಡ ಕೆರೆಯುತ್ತಿದ್ದರು. ಹೊರಗಿನ ಟೀಯನ್ನೇ ಕುಡಿಯದವರು ಅವರು. “ಸಕ್ಕರೆ ಕಮ್ಮಿ ಹಾಕ್ಸಿ,” ಎಂದರು.

ಟೀ ತಂದವಳು ಇಡ್ಲಿ ಅಕ್ಕನೇ. ಅಜ್ಜಿ ಅಂಗಡಿಯಲ್ಲಿ ಕುಳಿತು ಅಷ್ಟೂ ಕುಡಿದರು. ಸಾಬರು ಹೊರಗೆ ಬಂದು ಶೆಟರನ್ನು ಪೂರ್ತಿ ಮೇಲಕ್ಕೆ ತಳ್ಳಿದರು. ಕೆಲವು ದಿನಗಳಾದ ಮೇಲೆ ಆ ಹೊಸ ಬಾಡಿಗೆಯವನೂ ಪ್ಯಾಂಟು ಚಿಕ್ಕದು ಮಾಡಿಸುವ ನೆಪದಲ್ಲಿ ಅಂಗಡಿಗೆ ಬಂದು, ತಲೆ ತಗ್ಗಿಸಿಕೊಂಡು ನಿಂತಿದ್ದ. ಸಾಬರು ಅವನ ಅಳತೆ ತೆಗೆದುಕೊಂಡರು. ಹಳೆಯ ಮಾತು ಯಾರೂ ಎತ್ತಲಿಲ್ಲ.

ಮಳೆ ಬಿತ್ತು. ಕೋಟೆಯ ಕಂದಕದ ಪಕ್ಕ ಹಸಿರು ಚಿಗುರಿತು. ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ಬಂದು ಊಟಕ್ಕೆ ಕುಳಿತಿದ್ದೆ. ಬೀದಿಯ ಆ ತುದಿಯಲ್ಲಿ ಕುರಿಗಳ ಸದ್ದು ಕೇಳಿತು. ಕೈ ತೊಳೆದು ಹೊರಗೆ ಬಂದೆ. ಅದೇ ಗಂಡಸು, ಅದೇ ಕಂಬಳಿ. ಹಿಂದೆ ಅದೇ ಹೆಣ್ಣುಮಗಳು, ಬಿಸಿಲಿಗೆ ಇನ್ನಷ್ಟು ಕಪ್ಪಾಗಿದ್ದಳು. ಅವಳ ಕಣ್ಣು ಜಗಲಿಯ ಮೇಲೆ ಹುಡುಕುತ್ತಿತ್ತು.

ಟಗರು ಸಾಬರ ಅಂಗಡಿಯಲ್ಲಿತ್ತು. ಕಪ್ಪು ಕಿವಿ ನೆಟ್ಟಗೆ ಮಾಡಿತು. ಮೆಟ್ಟಿಲಿಳಿದು ಬಂದು ಮಂದೆಯ ನಡುವೆ ನಿಂತಿತು.

“ಅಯ್ ನನ್ನಪ್ಪಾ!” ಎಂದು ಅವಳು ಕೂಗಿ ಬಂದು ಅದರ ಮುಂಗಾಲನ್ನು ಎರಡೂ ಕೈಯಲ್ಲಿ ತಡವಿದಳು. ಆಮೇಲೆ ಒಂದು ಮುದಿ ಕುರಿಯನ್ನು ಎಳೆದು ತಂದು ಅದರ ಮುಂದೆ ನಿಲ್ಲಿಸಿದಳು. “ಇದೇ ಇದ್ರವ್ವ,” ಎಂದಳು. ತಾಯಿ ಕುರಿ ಒಂದು ಸಲ ಮೂಸಿತು, ತಲೆ ತಿರುಗಿಸಿ ಹೋಗಿ ಇಡ್ಲಿ ಅಕ್ಕನ ಮನೆಯ ಮುಂದಿನ ಎಲೆಗೆ ಬಾಯಿ ಹಾಕಿತು. ಎಲ್ಲರೂ ನಕ್ಕೆವು.

“ಬದುಕ್ಸಿದೋರು ನೀವು. ನೀವೇ ಇಟ್ಕಳ್ಳಿ ಅವ್ವ,” ಎಂದಳು ಅವಳು ಅಜ್ಜಿಗೆ.

ಸಾಬರು ಅಜ್ಜಿಯ ಮುಖ ನೋಡಿದರು. ಅಜ್ಜಿ ಟಗರನ್ನು ನೋಡುತ್ತಿದ್ದರು. ಅದು ಮಂದೆಯ ಇನ್ನೊಂದು ಎಳೆ ಟಗರಿಗೆ ತಲೆ ತಾಗಿಸಿ ಮೆಲ್ಲಗೆ ನೂಕುತ್ತಿತ್ತು. ಅದೂ ತಿರುಗಿ ನೂಕುತ್ತಿತ್ತು.

“ಇಲ್ಲಿದ್ರೆ ಕನ್ನಡಿ ಜತೇನೇ ಗುದ್ದಾಡ್ಬೇಕು ಅದು,” ಎಂದರು ಅಜ್ಜಿ. “ಏನಂತೀರಿ ಸಾಬ್ರೇ?”

“ಹೌದು ಅವ್ವ. ಜಾನ್ವರ್‌ಗೆ ಅದರ ಬಿರಾದರಿ, ಅದರ ಬಳಗ ಬೇಕು.”

“ಕರ್ಕಂಡೋಗಮ್ಮ. ಆದ್ರೆ ಒಂದ್ ಮಾತು, ಇದ್ನ ಕುಯ್ಯೋರಿಗೆ ಕೊಟ್ಟೀಯ?”

“ನಿಮ್ಮಾಣೆ ಇಲ್ಲವ್ವ. ಎತ್ರ ನೋಡಿ ಎಂಗೈತೆ! ಮಂದೆ ಟಗರು ಮಾಡ್ಕಂತೀವಿ. ನಾವಿರೋಗಂಟ ಇರ್ತದೆ.”

ಅಜ್ಜಿ ಒಳಗೆ ಹೋಗಿ ಒಂದು ಕಟ್ಟು ಹಪ್ಪಳ ತಂದು ಅವಳ ಮಡಿಲಿಗೆ ಹಾಕಿದರು. ಗಂಡ ಸಿಳ್ಳೆ ಹಾಕಿದ. ಮಂದೆ ಹೊರಟಿತು. ತಿರುವಿನ ತನಕ ನಾವು ಕಪ್ಪು ಕಿವಿಯನ್ನು ಗುರುತಿಸುತ್ತಿದ್ದೆವು. ಆ ತಿರುವನ್ನು ಅದು ಅಷ್ಟು ತಿಂಗಳೂ ಒಮ್ಮೆಯೂ ದಾಟಿದ್ದಿಲ್ಲ, ಅಲ್ಲಿಯವರೆಗೆ ಹೋಗಿ ಮರಳಿ ಬರುತ್ತಿತ್ತು. ಆ ದಿನವೂ ಅಲ್ಲಿ ಒಂದು ಗಳಿಗೆ ನಿಂತಿತು. ಹಿಂದಿನ ಕುರಿಗಳು ನೂಕಿದವು. ಹೋಯಿತು.

ಅಜ್ಜಿ ಆಮೇಲೆ ದಿನಾ ಮಧ್ಯಾಹ್ನ ಊಟವಾದ ಮೇಲೆ ಸಾಬರ ಅಂಗಡಿಗೆ ಹೋಗಿ ಕೂರತೊಡಗಿದರು. ರವಿಕೆಗೆ ಹುಕ್ಕು ಹಾಕಿಕೊಡುವರು, ಗಿರಾಕಿಗಳಿಗೆ ಹಪ್ಪಳ ಮಾರುವರು. ಅವರಿಗೆ ಜ್ವರ ಬಂದು ಮಲಗಿದಾಗ ನಾನು ಶಾಲೆಯಲ್ಲಿದ್ದೆ. ಸಾಬರು ಜಗಲಿ ಹತ್ತಿ ಒಳಗೆ ಹೋಗಿ, ಇಡ್ಲಿ ಅಕ್ಕನನ್ನೂ ಕರೆದುಕೊಂಡು, ಆಟೋದಲ್ಲಿ ಆಸ್ಪತ್ರೆಗೆ ಒಯ್ದಿದ್ದರು. ಸಾಬರನ್ನು ತೋರಿಸಿ ಇವರು ಯಾರು ಎಂದು ನರ್ಸ್ ಕೇಳಿದ್ದಕ್ಕೆ ಅಜ್ಜಿ, “ಎದುರಂಗ್ಡಿ ಮಗ,” ಎಂದರಂತೆ. ಇದನ್ನು ಸಾಬರು ನನಗೆ ಅದೆಷ್ಟು ಸಲ ಹೇಳಿದರೋ.

ಮುಂದಿನ ಸಂಕ್ರಾಂತಿ ಕಳೆದು ಮಂದೆ ಮತ್ತೆ ಬಂತು. ಕೊಂಬು ಸುರುಳಿ ಸುತ್ತಿಕೊಂಡಿದ್ದ ನಮ್ಮ ಟಗರು ಮುಂದೆಯೇ ಇತ್ತು, ತುಸು ಕುಂಟುತ್ತ, ಗತ್ತಿನಿಂದ. ಅಜ್ಜಿ ಕರೆದರು, ಸಾಬರು ಕರೆದರು. ಅದು ನಮ್ಮತ್ತ ತಿರುಗಿಯೂ ನೋಡದೆ ಹೋಯಿತು. “ನೋಡಿ ಅವ್ವ, ದೊಡ್ಡ ಮನುಷ್ಯ ಆಗ್ಬುಟ್ಟ,” ಎಂದು ಸಾಬರು ನಕ್ಕರು. ಕುರಿಗಾಹಿ ಹೆಣ್ಣುಮಗಳು ಜಗಲಿಯ ಮೇಲೆ ಕುಳಿತು ಮಜ್ಜಿಗೆ ಕುಡಿದು, ಹೋದ ಸೀಮೆಯ ಕಥೆಯನ್ನೆಲ್ಲ ಹೇಳಿಹೋದಳು.

ಆ ಬೇಸಿಗೆಯಲ್ಲಿ ನನಗೆ ಕೊರಟಗೆರೆಗೆ ವರ್ಗವಾಯಿತು. ಮನೆಯ ಹತ್ತಿರವೇ ಶಾಲೆ, ಮನೆಯ ಊಟ. ಕೇಳಿ ಪಡೆದುಕೊಂಡ ವರ್ಗ ಅದು. ಆದರೂ ಸಾಮಾನು ಕಟ್ಟುವಾಗ ಕೈ ಓಡಲಿಲ್ಲ. ಇಲ್ಲಿ ನನ್ನ ಕಿಟಕಿಗೆ ಕಾಣುವುದು ಬಸ್ಸುಗಳು, ಮೊಬೈಲ್ ಅಂಗಡಿಗಳ ಬೋರ್ಡು. ಕಂಡಕ್ಟರುಗಳು “ತುಮ್ಕೂರ್ ತುಮ್ಕೂರ್” ಎಂದು ಕೂಗುವುದು ಬಿಟ್ಟರೆ ಇನ್ನೊಬ್ಬರ ಹೆಸರು ಹಿಡಿದು ಯಾರೂ ಕೂಗುವುದಿಲ್ಲ. ವರ್ಷಕ್ಕೆರಡು ಸಲ ರಜೆ ನೋಡಿಕೊಂಡು ಶಿರಾಕ್ಕೆ ಹೋಗುತ್ತೇನೆ. ಬಸ್ಸಿಳಿದು ಕೋಟೆಯ ಗೋಡೆ ಬಳಸಿ ನಡೆಯುವಾಗ, ಇನ್ನೂ ಬೀದಿ ಸಿಗುವ ಮುಂಚೆಯೇ ಇಡ್ಲಿ ಅಕ್ಕ ಯಾರನ್ನೋ ಬೈಯುವುದು ಕೇಳುತ್ತದೆ. ನನ್ನ ಹೆಜ್ಜೆ ತಾನಾಗಿಯೇ ಜೋರಾಗುತ್ತದೆ.